ಬಲಗಡೆಯ ಎತ್ತು

ಎಂಬತ್ತೇಳರ ಹಂಗಾಮಿನಲ್ಲಿ ಧರೆಪ್ಪನ ಕಬ್ಬಿನ ಗಾಡಿ ಉಗಾರದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಮಗುಚಿ, ಬಲಗಡೆಯ ಎತ್ತು ಸತ್ತಿತು. ಅದರ ಕಾಲು ಜಾರಿತೆಂದು ಊರಿಗೆಲ್ಲ ಸುಳ್ಳು ಹೇಳಿದ. ಮಿತಿಮೀರಿ ಹೇರಿದವನು ತಾನೇ ಎನ್ನಲು ಆ ಹಟಮಾರಿಗೆ ಬಾಯಿ ಬರಲಿಲ್ಲ. ಕೊನೆಗೆ ಗಾಡಿಯ ಮುರಿದ ಅಚ್ಚು, ಹರಿದ ಟೈರು ಜೋಡಿಸಿ ಅಂಗಳದಲ್ಲಿ ಅದೇ ಎತ್ತಿನ ಆಕೃತಿ ಮಾಡಿ ನಿಲ್ಲಿಸಿದ. ಬೆನ್ನ ಮೇಲೆ ಕಲ್ಲು ಹೇರಿದ, ಕೊರಳಿಗೆ ಸತ್ತ ಎತ್ತಿನ ಗಂಟೆ ಕಟ್ಟಿದ.

“ಅದನ್ನ ಬಿಚ್ಚರಿ, ನನಗ ಅಂಜಿಕಿ ಬರತೈತಿ,” ಎಂದಳು ಹೆಂಡತಿ ಸೋನಾಬಾಯಿ.

“ಕಬ್ಬಿಣಕ್ಕ ಯಾಕ ಅಂಜತಿ?” ಎಂದು ಗದರಿದ. ಆದರೆ ಗಾಳಿಗೆ ಗಂಟೆ ಅಲುಗಿದಾಗಲೆಲ್ಲ ಎದ್ದು ಹೋಗಿ ಅದನ್ನು ಹಿಡಿದು ನಿಲ್ಲಿಸುತ್ತಿದ್ದ.

ಒಂದು ಮಧ್ಯಾಹ್ನ ಗಂಟೆ ಕೇಳಿ, ಬದುಕುಳಿದ ಎಡಗಡೆಯ ಎತ್ತು ಹಗ್ಗ ಹರಿದುಕೊಂಡು ಬಂತು. ಕಬ್ಬಿಣದ ಎತ್ತಿನ ಎಡಕ್ಕೆ ನಿಂತು, ಇಲ್ಲದ ನೊಗಕ್ಕೆ ಕತ್ತು ಬಗ್ಗಿಸಿ, ಧರೆಪ್ಪನಿಗಾಗಿ ಕಾಯತೊಡಗಿತು.