ದಿನಕ್ಕೆ ನಾಲ್ಕು

ಬಂಡೆಮ್ಮನಿಗೆ ಓದು ಬರಹ ಬಾರದು. ಆದರೂ ನಮ್ಮ ಆಸ್ಪತ್ರೆಯ ಲಿವರ್ ಸಂಶೋಧನೆಯ ದೊಡ್ಡ ತಪ್ಪನ್ನು ಹಿಡಿದವಳು ಅವಳೇ. ತಪ್ಪು ಮಾಡಿದವನು ನಾನು, ಬಿ.ಎಸ್ಸಿ. ಪಾಸಾದ ಸೂರ್ಯಕಾಂತ.

ಎರಡು ಸಾವಿರದ ಮೂರನೇ ಇಸವಿ. ಹೈದರಾಬಾದಿನಲ್ಲಿ ಕಂಪ್ಯೂಟರ್ ಮುಟ್ಟಿದವನೆಲ್ಲ ಸಾಹೇಬನಾಗಿದ್ದ ಕಾಲ, ನಾನೂ ಆಗಿದ್ದೆ. ಲಿವರ್ ಯಾಕೆ ಕೆಡುತ್ತದೆ, ಕೆಟ್ಟ ಮೇಲೆ ರೋಗ ಹೇಗೆ ಬೆಳೆಯುತ್ತದೆ ಎಂದು ಡಾಕ್ಟರ್ ಶಾಂಭವಿ ನಾಲ್ಕು ನೂರು ರೋಗಿಗಳನ್ನು ಅಭ್ಯಾಸ ಮಾಡುತ್ತಿದ್ದರು. ರೋಗಿಗಳಿಗೆ ಪ್ರಶ್ನೆ ಕೇಳಿ ಉತ್ತರಗಳನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಮನೆಯಲ್ಲಿ ಕನ್ನಡ, ಹೊರಗೆ ತೆಲುಗು. ನನ್ನೂರು ಕಲಬುರ್ಗಿ ಎಂದು ಯಾರಿಗೂ ಹೇಳುತ್ತಿರಲಿಲ್ಲ, ಅಷ್ಟು ಡೌಲು.

ಬಂಡೆಮ್ಮ ಚಿಂಚೋಳಿ ಕಡೆಯವಳು. ಹನ್ನೊಂದು ವರ್ಷ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಸೊಂಟ ಹೋದ ಮೇಲೆ ನಮ್ಮ ವಾರ್ಡಿನ ಆಯಾ ಆಗಿದ್ದಳು. ಬಾಯಿ ಜೋರು. ಒಂದು ಬೆಳಿಗ್ಗೆ ಪೊರಕೆ ಹಿಡಿದುಕೊಂಡೇ ನನ್ನ ಮೇಜಿಗೆ ಬಂದಳು.

"ಬೀದರದ ಗೌಂಡಿ ಮಾಣಿಕಪ್ಪಗ ಕುಡುಕ ಅಂತ ಬರದೀರಂತಲ್ರಿ? ಅವನ ಹೇಣ್ತಿ ಸುಂದರಾಬಾಯಿ ಗಂಟುಮೂಟಿ ಕಟ್ಟ್ಯಾಳ. ಸಂಜಿಗೆ ನಾಂಪಲ್ಲಿಗೆ ಹೋಗಿ ತವರಿನ ರೈಲು ಹತ್ತತಾಳ."

ನಾನು ಫಾರಂ ತೋರಿಸಿದೆ. 'ತಾಗುತಾವಾ?', ಅಂದರೆ ಕುಡಿಯುತ್ತೀಯಾ, ಎಂದು ತೆಲುಗಿನಲ್ಲಿ ಕೇಳಿದ್ದೆ. 'ತಾಗುತಾ, ದಿನಕ್ಕೆ ನಾಲ್ಕು' ಎಂದು ಅವನೂ ತೆಲುಗಿನಲ್ಲೇ ಹೇಳಿದ್ದ. ನಾಲ್ಕು ಕ್ವಾರ್ಟರ್ ಎಂದು ನಾನೇ ತುಂಬಿಕೊಂಡಿದ್ದೆ.

ಬಂಡೆಮ್ಮ ಹಣೆ ಚಚ್ಚಿಕೊಂಡಳು. "ಅಯ್ಯ ಶಿವನ! ತೆಲುಗಿನಾಗ ಶೆರೇನೂ ತಾಗತಾರ, ಬೀಡೀನೂ ತಾಗತಾರ. ಅಂವ ಬೀಡಿ ಲೆಕ್ಕ ಹೇಳ್ಯಾನ್ರಿ! ನಿಮ್ಮವ್ವನ ಕೂಡ ಫೋನಿನಾಗ ಆಡೂ ಕನ್ನಡ ಇವನ ಕೂಡ ಆಡಿದ್ರ ಏನಾಕ್ಕಿತ್ತು?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೋಗಿ ಕನ್ನಡದಲ್ಲಿ ಕೇಳಿದೆ. ಶೆರೆಯನ್ನು ಜನ್ಮದಲ್ಲಿ ಮುಟ್ಟಿಲ್ಲವೆಂದು ಮಾಣಿಕಪ್ಪ ಅತ್ತುಬಿಟ್ಟ.

ಕುಡುಕರ ಪಟ್ಟಿಗೆ ಬಿದ್ದವರಿಗೆ ನಮ್ಮಲ್ಲಿ ವೈರಸ್ ಪರೀಕ್ಷೆ ಇರಲಿಲ್ಲ. ಕಾರಣ ಗೊತ್ತಾಯಿತಲ್ಲ, ಇನ್ನೇಕೆ ಎಂದು ಬಿಟ್ಟಿದ್ದೆವು. ಶಾಂಭವಿ ಮೇಡಂ ಅಂದೇ ಅವನ ರಕ್ತ ಕಳಿಸಿದರು. ಫಲಿತಾಂಶ ಬರುವವರೆಗೆ ಬಂಡೆಮ್ಮ ಸುಂದರಾಬಾಯಿಯನ್ನು ತನ್ನ ಖೋಲಿಯಲ್ಲಿ ತಡೆದು ಇಟ್ಟುಕೊಂಡಳು. ವಾರದ ಮೇಲೆ ತಿಳಿಯಿತು: ಹೆಪಟೈಟಿಸ್ ಬಿ. ವರ್ಷಗಟ್ಟಲೆ ಸದ್ದಿಲ್ಲದೆ ಅವನ ಲಿವರನ್ನು ಗಟ್ಟಿ ಮಾಡುತ್ತಿತ್ತು. ಅದನ್ನು ತಡೆಯುವ ಗುಳಿಗೆ ಇತ್ತು.

ಮೇಡಂ ಕುಡುಕರ ಪಟ್ಟಿಯವರಿಗೆಲ್ಲ ಮತ್ತೆ ಪ್ರಶ್ನೆ ಕೇಳಿಸಿದರು. ಈ ಸಲ ನನ್ನ ಪಕ್ಕ ಕುರ್ಚಿ ಹಾಕಿ ಬಂಡೆಮ್ಮನನ್ನು ಕೂರಿಸಿದರು. ಮೂವತ್ತೇಳು ಜನ ಬರೀ ಬೀಡಿಯವರು! ಅವರಲ್ಲಿ ಒಂಬತ್ತು ಮಂದಿಗೆ ವೈರಸ್. ಹೊಸ ಫಾರಮಿನಲ್ಲಿ ಬೀಡಿಗೂ ಶೆರೆಗೂ ಬೇರೆ ಬೇರೆ ಸಾಲು ಬಂತು. ಆ ದಿನ ನನಗಾದ ಖುಷಿ ಪಾಸಾದ ದಿನವೂ ಆಗಿರಲಿಲ್ಲ.

ಮೂರು ತಿಂಗಳಿಗೆ ಮಾಣಿಕಪ್ಪನ ಕಣ್ಣಿನ ಹಳದಿ ಇಳಿಯಿತು. ತೋರಿಸಲು ಬಂದಾಗ, ಫೈಲಿನಲ್ಲಿ ಈಗ ಏನು ಬರೆದಿದೆ ಎಂದು ಸುಂದರಾಬಾಯಿ ಕೇಳಿದಳು. ನಾನು ಓದುವಷ್ಟರಲ್ಲಿ ಬಂಡೆಮ್ಮ ಅದನ್ನು ಕಸಿದುಕೊಂಡು ಇಡೀ ವರಾಂಡ ಕೇಳುವಂತೆ ಕೂಗಿದಳು.

"ಕುಡಿಯೂದಿಲ್ಲ ಅಂತ ಬರದೈತಿ!"

ಜನರೆಲ್ಲ ತಿರುಗಿ ನೋಡಿದರು. ಸುಂದರಾಬಾಯಿ ನಗುತ್ತ ಗಂಡನ ಕಿಸೆಗೆ ಕೈ ಹಾಕಿ ಬೀಡಿ ಕಟ್ಟು ತೆಗೆದು ಬಂಡೆಮ್ಮನ ಕಸದ ಬುಟ್ಟಿಗೆ ಒಗೆದಳು.

"ಆ ನಾಕೂ ಬಂದ್ ಅಂತ ಬರಕೋರಿ, ಸಾಹೇಬ್ರ."

ನಾನು ಬರೆದುಕೊಂಡೆ.