ಅಖ್ತರಿ ಹಾಕದ ಸಹಿ

ಬೆಳಗಿನ ಆರು ಗಂಟೆ. ಸ್ಕೋಕಿ ಉಪನಗರದ ಮನೆಯಲ್ಲಿ ನಮಾಜು ಮುಗಿಸಿ, ಹನ್ನೆರಡು ಮೈಲಿ ಡ್ರೈವ್ ಮಾಡಿಕೊಂಡು ಷಿಕಾಗೋದ ಪ್ರಯೋಗಾಲಯಕ್ಕೆ ಬಂದಿರುವ ಅಖ್ತರಿ ಕೋಶ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆರೆಯುತ್ತಾರೆ. ಒಳಗೆ ಮೇಲಿನ ಹಲಗೆಯಲ್ಲೊಂದು ಯಂತ್ರ ರಬ್ಬರಿನಂಥ ಹಾಳೆಗಳನ್ನು ಸೆಕೆಂಡಿಗೊಮ್ಮೆ ಎಳೆದು ಬಿಡುತ್ತಿದೆ. ಹಾಳೆಗಂಟಿರುವವು ಮಜ್ಜೆಯಿಂದ ತೆಗೆದ ಕಾಂಡಕೋಶಗಳು. ಕೊಬ್ಬೂ ಆಗಬಲ್ಲವು, ಮೂಳೆಯೂ ಆಗಬಲ್ಲವು. ಎಳೆದಾಡಿದರೆ ಮೂಳೆಯ ಕಡೆ ವಾಲುತ್ತವೆಂಬುದು ಇಲ್ಲಿನವರ ನಂಬಿಕೆ.

“ದುಡಿಯೋರ ಎಲುಬು ಗಟ್ಟಿ ಆಗ್ತಾವ್ರಿ. ನಮ್ಮ ಅಮ್ಮಿಗೂ ಗೊತ್ತಿತ್ತು, ಮಷೀನ್ ಇರಲಿಲ್ಲ ಅಷ್ಟ,” ಎನ್ನುತ್ತಾರೆ ಅಖ್ತರಿ.

ಗದಗಿನಲ್ಲಿ ಬಿ.ಎಸ್ಸಿ. ಓದಿದ ಅವರು ೧೯೯೮ರಲ್ಲಿ ಗಂಡ ಇಸ್ಹಾಕ್ ಜತೆ ಬಂದವರು. ಈ ಪ್ರಯೋಗಾಲಯದಲ್ಲಿ ಮೊದಲೆರಡು ವರ್ಷ ಗಾಜಿನ ಸಾಮಾನು ತೊಳೆದರು. ಇಲ್ಲಿ ಈಗ ಆರನೇ ವರ್ಷ. ರಬ್ಬರ್ ತಳದ ತಟ್ಟೆಗಳ ನಲವತ್ತೆಂಟು ಗುಣಿಗಳಲ್ಲಿರುವ ಕೋಶಗಳಿಗೆ ದಿನ ಬಿಟ್ಟು ದಿನ ಊಟ, ಅಂದರೆ ಪೋಷಕ ದ್ರವ, ಬದಲಿಸಬೇಕು. “ಈದ್ ದಿನಾನೂ ಮೊದಲು ಅವಕ್ಕ ಊಟ, ಆಮ್ಯಾಲೆ ನಮಗ ಶೀರ್ ಖುರ್ಮಾ.” ಯಾವ ಪ್ರಬಂಧದಲ್ಲೂ ಅವರ ಹೆಸರಿಲ್ಲ.

ಹೋದ ಚಳಿಗಾಲದಲ್ಲಿ ಎಡವಟ್ಟಾಯಿತು. ಮೂಳೆಯ ಸುಣ್ಣ ಕಟ್ಟಿದಲ್ಲಿ ಕೆಂಪಾಗುವ ಬಣ್ಣ ಹಾಕಿದರೆ, ಎಳೆದ ತಟ್ಟೆಗಳ ಜತೆ ಹೋಲಿಕೆಗೆಂದು ಕೆಳಗಿನ ಹಲಗೆಯಲ್ಲಿ ಸುಮ್ಮನಿಟ್ಟ, ಬಿಳಿಯಾಗೇ ಉಳಿಯಬೇಕಿದ್ದ ತಟ್ಟೆಗಳೂ ಕೆಂಪು! ಮುಖ್ಯಸ್ಥ, ಮೈಸೂರಿನ ಶ್ರೀಧರ್, ವರದಿ ಹಿಡಿದು ಬಂದರು.

“ತಟ್ಟೆ ಅದಲುಬದಲು ಮಾಡಿಬಿಟ್ಟಿದೀರ ಅಖ್ತರಿಯವ್ರೇ. ಟೆಕ್ನಿಷಿಯನ್ ತಪ್ಪು ಅಂತ ಬರ್ದಿದೀನಿ, ಸೈನ್ ಮಾಡಿ.”

ಸಹಿ ಬಿದ್ದರೆ ಮುಂದಿನ ವರ್ಷ ಕೆಲಸವಿಲ್ಲ.

“ಅದಲುಬದಲು ಮಾಡಿದ್ರ ಅರ್ಧಾದ್ರೂ ಬಿಳೀ ಉಳೀಬೇಕಲ್ರಿ ಸರ್? ಎಲ್ಲಾ ಕೆಂಪ ಅದಾವು. ನಾ ಸೈನ್ ಮಾಡಂಗಿಲ್ಲ.”

“ಹಟ ಬೇಡ.”

“ಹಟ ಅಲ್ರಿ. ಮೂರು ವಾರ ಕೊಡ್ರಿ.”

ಅಖ್ತರಿ ಖಾಲಿ ತಟ್ಟೆಗೆ ನೀರು ಹಾಕಿ ಕೆಳಗಿನ ಹಲಗೆಯಲ್ಲಿಟ್ಟು, ಮಂಡಿಯೂರಿ ನೋಡಿದರು. ಯಂತ್ರ ಎಳೆದಾಗಲೆಲ್ಲ ನೀರು ನಡುಗುತ್ತಿತ್ತು. ಸುಮ್ಮನಿಟ್ಟಿದ್ದವು ಸುಮ್ಮನಿರಲೇ ಇಲ್ಲ! ಕೋಶ ಹಾಕಿದ ಹೊಸ ತಟ್ಟೆಗಳಲ್ಲಿ ಅರ್ಧವನ್ನು ಯಂತ್ರದ ಕೆಳಗಿಟ್ಟರು, ಅರ್ಧವನ್ನು ಪಕ್ಕದ ಕೋಣೆಯ ಪೆಟ್ಟಿಗೆಗೆ ಸಾಗಿಸಿದರು. ಇಪ್ಪತ್ತೊಂದನೇ ದಿನ ನಡುಗಿದವು ಕೆಂಪಾದವು, ಪಕ್ಕದ ಕೋಣೆಯವು ಬಿಳಿಯಾಗೇ ಉಳಿದವು.

“ಹಲಗೆ ಅಲುಗಾಡುತ್ತೆ ಅಂತ ನಂಗೆ ಹೊಳೀಲೇ ಇಲ್ಲ,” ಎಂದರು ಶ್ರೀಧರ್.

“ನೀವು ಮ್ಯಾಲಿನ ಹಲಗಿ ಅಷ್ಟ ನೋಡ್ತೀರಿ ಸರ್. ಕೆಳಗ ಬಗ್ಗೋರು ನಾವು.”

ಮುಂದಿನ ಪ್ರಬಂಧದಲ್ಲಿ ಅಖ್ತರಿಯ ಹೆಸರು ಹಾಕುವುದಾಗಿ ಶ್ರೀಧರ್ ಹೇಳಿದ್ದಾರೆ. ಅವರು ಹಳೆಯ ವರದಿಯನ್ನು ಹರಿಯಲು ಹೊರಟಾಗ ಅಖ್ತರಿ ಕೈ ತಡೆದರಂತೆ. ಅದೀಗ ಅಖ್ತರಿಯ ಮೇಜಿನೆದುರಿನ ಗೋಡೆಯಲ್ಲಿದೆ.

“ಹೆಸರು ಹಾಕಿದ್ರ ಹಾಕ್ಲಿ,” ಎನ್ನುತ್ತಾ ಅವರು ಅದರ ತಳದಲ್ಲಿ ಸಹಿ ಬೀಳಬೇಕಿದ್ದ ಕಡೆ ಬೆರಳಿಡುತ್ತಾರೆ. “ನನಗ ಈ ಖಾಲಿ ಜಾಗಾನ ಸಾಕ್ರಿ.”