ಹನ್ನೊಂದನೇ ಮೈಲಿಯ ಬೆಣೆಗಳು

ಹುಟ್ಟಿದಾಗ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ರೈಲ್ವೆ ಕ್ವಾರ್ಟರ್ಸಿನ ಸಾಲಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ಹನ್ನೊಂದನೇ ಮೈಲಿ’ ಎಂದೇ. ಮದುವೆಯ ಮಾತೋ ಮಳೆಯ ಮಾತೋ, ಯಾರು ಏನೇ ಎತ್ತಿದರೂ ಅದನ್ನು ಸುತ್ತಿ ಬಳಸಿ ಹನ್ನೊಂದನೇ ಮೈಲಿಗೆ ತಂದು ನಿಲ್ಲಿಸುತ್ತಿದ್ದ. ಅವನಪ್ಪನ ಹೆಸರು ಮಣ್ಣುಪಾಲಾದದ್ದು ಅಲ್ಲಿ.

ದೊರೆಗಳ ಕಾಲದಲ್ಲಿ ಯಾವುದೋ ಕಂಪನಿ ಬೆಟ್ಟದ ಅದಿರನ್ನು ಬಂದರಿಗೆ ಇಳಿಸಲೆಂದು ಹಾಕಿದ ಒಂಟಿ ಹಳಿ ಅದು. ಜನ ಕೂರುವ ಡಬ್ಬಿ ಸೇರಿದ್ದು ಹದಿನೈದು ವರ್ಷದ ಮೇಲೆ, ಅದೂ ಹೋಗಲಿ ಪಾಪ ಎಂಬ ಹಾಗೆ. ಹಳಿಯನ್ನು ಬಿಗಿಹಿಡಿಯಲು ಉದ್ದಕ್ಕೂ ಬೆಣೆಗಳಿದ್ದವು. ಬೆಣೆಯ ದಪ್ಪ ತುದಿ ಬೆಟ್ಟದ ಕಡೆಗೆ, ಸಣ್ಣ ತುದಿ ಬಂದರಿನ ಕಡೆಗೆ. ಕೀಮ್ಯಾನ್ ಎಂಬವನು ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿದು ಬಂದರಿನ ಕಡೆಗೆ ಮೂರು ಮೈಲಿ ಇಳಿಯುತ್ತಾ, ಸಡಿಲವಾದ ಬೆಣೆಯ ದಪ್ಪ ತುದಿಗೆ ಏಟು ಹಾಕಿ ಬಿಗಿ ಮಾಡಬೇಕು. ವಾಪಸು ಬರುವಾಗ ಮಾತ್ರ ಸುತ್ತಿಗೆ ಹೆಗಲಿನಿಂದ ಇಳಿಯಕೂಡದು. ಆಗ ಎದುರಾಗುವುದು ಸಣ್ಣ ತುದಿ. ಅದಕ್ಕೆ ಹೊಡೆದರೆ ಬೆಣೆ ಕಳಚಿಕೊಳ್ಳುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಇದನ್ನು ಕಿವಿ ಹಿಂಡಿ ಹೇಳಿಕೊಡುತ್ತಿದ್ದರು.

ಅವನಪ್ಪ ಹನ್ನೆರಡು ವರ್ಷ ಕೀಮ್ಯಾನ್ ಆಗಿದ್ದವನು. ಇವನಿನ್ನೂ ತೊಟ್ಟಿಲಲ್ಲಿದ್ದಾಗ ಒಂದು ಸಂಜೆ ಹನ್ನೊಂದನೇ ಮೈಲಿಯ ತಿರುವಿನಲ್ಲಿ ಅದಿರಿನ ಗಾಡಿ ಹಳಿ ತಪ್ಪಿ ಉರುಳಿತು. ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವವನು ಅದರಡಿ ಸಿಕ್ಕಿ ಸತ್ತ. ವಿಚಾರಣೆ ನಡೆದು ಅಪ್ಪನ ಕೆಲಸ ಹೋಯಿತು. ಆಮೇಲೆ ಏಳು ವರ್ಷ ಬಂದರಿನಲ್ಲಿ ಮೂಟೆ ಹೊತ್ತು, ಆ ವಿಷಯದಲ್ಲಿ ತುಟಿ ಪಿಟಕ್ಕೆನ್ನದೆ ಕಣ್ಣು ಮುಚ್ಚಿದ. ಮಗ ಹಟ ಹಿಡಿದು ಅದೇ ಕೆಲಸಕ್ಕೆ ಸೇರಿ ಮೂವತ್ತು ಚಿಲ್ಲರೆ ವರ್ಷ ಅದೇ ಹಳಿಯ ಮೇಲೆ ನಡೆದ. ನಗುವವರಿಗೇನು, ನಕ್ಕರು. ಅವನ ಹೊಟ್ಟೆಯೊಳಗಿನ ಸಂಕಟ ಅವನಿಗೇ ಗೊತ್ತು.

ಈಗ ಆ ಹಳಿಯನ್ನೇ ಕೀಳುವುದೆಂದು ಆದೇಶ ಬಂತು. ಕೊನೆಯ ಗಾಡಿ ಓಡುವ ದಿನ ಹೊರತರಲು ಚರಿತ್ರೆ ಮೇಷ್ಟ್ರೊಬ್ಬರು ಆ ಮಾರ್ಗದ ಕತೆ ಬರೆಯುತ್ತಿದ್ದರು. ಹಳೇ ಕಡತಗಳನ್ನು ಜಾಲಾಡಿ ವಿಚಾರಣೆಯ ವರದಿ ಹುಡುಕಿ, ಅವನನ್ನು ಮನೆಗೆ ಕರೆಸಿ ಓದಿ ಹೇಳಿದರು.

“ಹೋಗುವಾಗ ಸುಮ್ಮನೆ ನಡೆದು, ವಾಪಸು ಬರುವಾಗ ಬೆಣೆ ಹೊಡೆದೆ ಅಂತ ಕೀಮ್ಯಾನ್ ತಾನೇ ಒಪ್ಪಿಕೊಂಡಿದ್ದಾನೆ. ಕೆಳಗೆ ಹೆಬ್ಬೆಟ್ಟಿದೆ.”

“ಸುಳ್ಳು ಸಾರ್,” ಎಂದು ಅವನು ಎದ್ದೇ ನಿಂತ. “ಹನ್ನೆರಡು ವರ್ಷದ ಕೀಮ್ಯಾನ್ ಬರೋವಾಗ ಹೊಡೀತಾನಾ? ಕುಡಿದು ತೂರಾಡ್ತಿದ್ರೂ ಹೊಡೆಯಲ್ಲ. ಸಾಹೇಬರೇ ಬರ್ಕೊಂಡು ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದಾರೆ.”

“ಇರಬಹುದಪ್ಪಾ. ಆದ್ರೆ ಬರೀ ನಿನ್ನ ಮಾತು ನಂಬಿ ಹಾಗಂತ ಬರೆಯೋಕಾಗುತ್ತಾ? ಆ ದಿನ ಕಂಡವರು ಯಾರಾದ್ರೂ ಉಳಿದಿದ್ದಾರಾ?”

“ನಮ್ಮಮ್ಮ ಇದ್ದಾಳೆ.”

ಅಮ್ಮನಿಗೆ ಎಂಬತ್ತು ದಾಟಿತ್ತು. ಕಣ್ಣಿಗೆ ಪೊರೆ ಬಂದಿದ್ದರೂ ಕಿವಿ ಚುರುಕಾಗಿತ್ತು. ಹನ್ನೊಂದನೇ ಮೈಲಿಯ ಮಾತು ಬಂದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದವಳು, ಆವತ್ತು ಮಗ ಮೇಷ್ಟ್ರನ್ನು ಮನೆಗೆ ಕರೆತಂದು ವಿಷಯ ಹೇಳಿದಾಗ ಮಂಚದ ಮೇಲೆ ನೆಟ್ಟಗೆ ಕೂತಳು.

“ಇವರು ಬರೆದ್ರೆ ನಿಮ್ಮಪ್ಪನ ಹೆಸರಿಗೆ ಹತ್ತಿರೋ ಮಸಿ ಹೋಗುತ್ತೇನೋ?”

“ಹೋಗುತ್ತಮ್ಮ. ಆ ದಿನ ಅಪ್ಪ ಸರಿಯಾಗಿ ಹೊಡೆದಿದ್ರು ಅಂತ ಹೇಳು ಸಾಕು.”

“ಅವರೆಲ್ಲಿ ಹೊಡೆದ್ರು? ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು, ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ. ಆವತ್ತು ಅವರಿಗೆ ಜ್ವರ ಕಣೋ, ಎದ್ದು ನಿಲ್ಲೋಕೂ ಆಗ್ತಿರಲಿಲ್ಲ. ರಜೆ ಅಂದ್ರೆ ಕೆಲಸದಿಂದ ತೆಗೆಯೋ ಕಾಲ. ಅವರ ಕೋಟು ತೊಟ್ಟು, ತಲೆಗೆ ಬಟ್ಟೆ ಸುತ್ಕೊಂಡು, ನಾನೇ ಸುತ್ತಿಗೆ ತಗೊಂಡು ಹೋದೆ.” ಅವಳು ಮೇಷ್ಟ್ರ ಕಡೆ ತಿರುಗಿದಳು. “ಹೋಗೋವಾಗ ದಾರಿಯುದ್ದಕ್ಕೂ ಆಳುಗಳಿದ್ರು ಸ್ವಾಮಿ. ಸುತ್ತಿಗೆ ಎತ್ತಿದ್ರೆ ಹೆಂಗಸು ಅಂತ ಗೊತ್ತಾಗಿಬಿಡುತ್ತೆ ಅಂತ ತಲೆ ತಗ್ಗಿಸಿ ನಡೆದುಬಿಟ್ಟೆ. ಬರೋವಾಗ ಒಂದು ನರಪಿಳ್ಳೆ ಇರಲಿಲ್ಲ. ಆಗ ಒಂದು ಬೆಣೇನೂ ಬಿಡಲಿಲ್ಲ. ಒಂದೊಂದಕ್ಕೂ ಮೂರು ಮೂರು ಏಟು. ಕೈಯೆಲ್ಲಾ ಬೊಬ್ಬೆ ಬಂದಿತ್ತು.”

ಮೇಷ್ಟ್ರ ಪೆನ್ನು ನಿಂತಿತು. “ಬರೋವಾಗ...” ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಮಗ ಅವರ ಮುಂಗೈ ಹಿಡಿದುಕೊಂಡ. ಮೂವತ್ತು ವರ್ಷ ಸುತ್ತಿಗೆ ಹಿಡಿದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಅಪ್ಪಂಗೆ ಇದನ್ನ ಹೇಳಿದ್ಯಾ?”

“ಗಾಡಿ ಬಿದ್ದ ಸುದ್ದಿ ಬಂದಾಗ, ಹೇಗೆ ಹೊಡೆದೆ ಅಂತ ಕೇಳಿದ್ರು. ಹೀಗೀಗೆ ಅಂದೆ. ಸುಮಾರು ಹೊತ್ತು ನನ್ನ ಮುಖಾನೇ ನೋಡಿದ್ರು. ಆಮೇಲೆ, ನೀನು ಸರಿಯಾಗೇ ಹೊಡೆದಿದ್ದೀಯ, ಹಳಿ ಕೆಳಗಿನ ದಿಮ್ಮಿ ಕೊಳೆತಿತ್ತು ಅಂದ್ರು. ಅವರು ಸುಳ್ಳು ಹೇಳೋ ಮನುಷ್ಯ ಅಲ್ಲ.”

ಬೀದಿಗೆ ಬಂದ ಮೇಲೆ ಮೇಷ್ಟ್ರು ಬಹಳ ಹೊತ್ತು ಕನ್ನಡಕ ಒರೆಸಿದರು. “ಏನು ಬರೀಲಪ್ಪಾ? ನಿಜ ಬರೆದ್ರೆ ನಿಮ್ಮಪ್ಪ ಪಾರಾಗ್ತಾರೆ.”

“ವರದೀಲಿ ಇರೋದನ್ನೇ ಬರೀರಿ ಸಾರ್.”

“ಹೆಸರು?”

“ಹೆಸರೂ ಹಾಕಿ. ಆ ಹೆಬ್ಬೆಟ್ಟನ್ನ ಯಾರೂ ಒತ್ತಿಸ್ಕೊಂಡಿಲ್ಲ, ಅಪ್ಪ ತಾವಾಗೇ ಒತ್ತಿದ್ದು.” ಹುಟ್ಟಿದಂದಿನಿಂದ ಅಪ್ಪನ ಮೇಲೆ ಅವನಿಗೆ ಇಷ್ಟು ಪ್ರೀತಿ ಉಕ್ಕಿದ್ದೇ ಇಲ್ಲ, ಇಷ್ಟು ದುಃಖವೂ ಆಗಿರಲಿಲ್ಲ.

ಪುಸ್ತಕ ಬಂತು. ಅಮ್ಮ ಅದನ್ನು ಕೈಯಿಂದ ಸವರಿ ನೋಡಿ, ಆ ಭಾಗ ಓದು ಎಂದಳು. ಅವನು ಪುಟ ತೆಗೆದ. ಅಪ್ಪನ ಹೆಸರು, ಅಪ್ಪನ ತಪ್ಪು, ಎಲ್ಲ ಅಚ್ಚುಕಟ್ಟಾಗಿ ಅಚ್ಚಾಗಿತ್ತು. ಕೊಳೆತ ದಿಮ್ಮಿಯಿಂದ ಗಾಡಿ ಉರುಳಿತು, ಬೆಣೆಗಳೆಲ್ಲ ಬಿಗಿಯಾಗಿದ್ದವು ಎಂದು ಅವನು ಗಟ್ಟಿಯಾಗಿ ಓದಿದ. ಅಮ್ಮ ಇನ್ನೊಂದು ಸಲ ಓದಿಸಿಕೊಂಡಳು.

“ಹಾಗಾದ್ರೆ ಆ ಬೆಂಕಿ ಕೆಲಸದವನ ಸಾವು ನಮ್ಮ ತಲೆ ಮೇಲಿಲ್ಲ, ಅಲ್ವೇನೋ? ನನಗೆ ಒಳಗೊಳಗೇ ಅದೊಂದು ಹೆದರಿಕೆ ಇತ್ತು.”

ಅವನು ಸುಮಾರು ಹೊತ್ತು ಅವಳ ಮುಖವನ್ನೇ ನೋಡಿದ.

“ಇಲ್ಲಮ್ಮ,” ಎಂದ.